ಸೇತುವೆಯಷ್ಟನ್ನೇ ನೋಡಿ ಬರಬೇಡಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಡಿಸೆಂಬರ್‌ನಲ್ಲಿ ಮನೆಮಂದಿಯೆಲ್ಲ ಬ್ಯಾಂಕಾಕ್ ನೋಡಲು ಹೊರಟಿದ್ದೇವೆ. ಟೂರಿನವರು ಒಂದು ದಿನ ಕಾಂಚನಬುರಿಯ ಸೇತುವೆ ತೋರಿಸುತ್ತಾರಂತೆ. ಅಲ್ಲಿ ಯುದ್ಧಕೈದಿಗಳ ಸಮಾಧಿಗಳೂ ಇವೆ ಎಂದು ಗೊತ್ತಾದ ಮೇಲೆ ನಮ್ಮಮ್ಮ, ಸಂತೋಷಕ್ಕೆ ಹೊರಟವರು ಮಸಣಕ್ಕೆ ಯಾಕೆ ಹೋಗಬೇಕು ಅನ್ನುತ್ತಿದ್ದಾರೆ. ಹದಿನಾಲ್ಕು ವರ್ಷದ ಮಗಳು, ಒಂಬತ್ತು ವರ್ಷದ ಮಗ ಜೊತೆಗಿರುತ್ತಾರೆ. ಸತ್ತವರ ಜಾಗಕ್ಕೆ ಹೀಗೆ ನಡುವೆ ಹೋಗಿ ಬರುವುದು ಅಗೌರವವಾಗುವುದಿಲ್ಲವೇ?”

ಆತ್ಮೀಯರೇ, ಖಂಡಿತ ಹೋಗಿ ಬನ್ನಿ. ನಡುವೆ ಹೋದರೆ ಅಗೌರವ ಎಂದು ನನಗನ್ನಿಸುವುದಿಲ್ಲ. ಅಗೌರವವಾಗುವುದು ಯಾವಾಗೆಂದರೆ, ಬಸ್ ಇಳಿದು ಸೇತುವೆಯ ಮೇಲೆ ಫೋಟೊ ತೆಗೆಸಿಕೊಂಡು, ಅದು ಯಾರ ಕೈಯಿಂದ ಎದ್ದದ್ದು ಎಂದು ಕೇಳದೆ ಬಸ್ ಹತ್ತಿದಾಗ. ನಾನೂ ಮೊದಲ ಸಲ ಹಾಗೆಯೇ ಬಂದವನು. ಆ ಕೊರಗು ಹೋಗಲಿಲ್ಲ, ಮತ್ತೆ ಹೋದೆ.

ಎರಡನೇ ಮಹಾಯುದ್ಧದ ಕಾಲ. ಸಮುದ್ರದಲ್ಲಿ ಶತ್ರುಗಳ ಸಬ್‌ಮರೀನ್ ಕಾಟವಿದ್ದದ್ದರಿಂದ ಬರ್ಮಾದಲ್ಲಿದ್ದ ತನ್ನ ಸೇನೆಗೆ ಸಾಮಾನು ಸಾಗಿಸಲು ಜಪಾನಿಗೆ ನೆಲದ ದಾರಿ ಬೇಕಿತ್ತು. ಕಾಡು, ಬೆಟ್ಟ, ಮಲೇರಿಯಾಗಳ ನಡುವೆ ಥಾಯ್ಲೆಂಡಿನಿಂದ ಬರ್ಮಾಕ್ಕೆ, ಈ ಸೇತುವೆಯೂ ಸೇರಿದ 415 ಕಿಲೋಮೀಟರ್ ರೈಲುಹಾದಿಯನ್ನು 1942ರಿಂದ 1943ರ ಅಕ್ಟೋಬರ್‌ವರೆಗೆ, ಒಂದೂವರೆ ವರ್ಷದೊಳಗೆ ಹಾಸಿಸಿದರು. ಬ್ರಿಟಿಷ್, ಆಸ್ಟ್ರೇಲಿಯನ್, ಡಚ್, ಅಮೆರಿಕನ್ ಕೈದಿಗಳು ಅರುವತ್ತು ಸಾವಿರಕ್ಕೂ ಹೆಚ್ಚು ಮಂದಿ ದುಡಿದರು. ಅವರಲ್ಲಿ 12,000ಕ್ಕೂ ಹೆಚ್ಚು ಜನ ಹಸಿವು, ಕಾಲರಾ, ಹೊಡೆತಗಳಿಗೆ ಸತ್ತರು. ಬೆಟ್ಟವನ್ನು ಕೈಸುತ್ತಿಗೆ, ಉಳಿಗಳಿಂದ ಕಡಿದ ಒಂದು ಜಾಗಕ್ಕೆ ಹೆಲ್‌ಫೈರ್ ಪಾಸ್ ಎಂದೇ ಹೆಸರು. ರಾತ್ರಿ ಪಂಜಿನ ಬೆಳಕಲ್ಲಿ ಎಲುಬುಗೂಡಿನಂಥ ಮನುಷ್ಯರು ಬಂಡೆ ಒಡೆಯುತ್ತಿದ್ದುದನ್ನು ಕಂಡವರು ಅದನ್ನು ನರಕಕ್ಕೆ ಹೋಲಿಸಿದರು.

ಇಷ್ಟನ್ನು ಟೂರಿನ ಗೈಡ್ ಕೂಡ ಹೇಳಬಹುದು. ಬಹಳ ಸಲ ಬಿಟ್ಟುಹೋಗುವ ಮಾತೊಂದಿದೆ, ಈ ಉತ್ತರ ಇಷ್ಟುದ್ದ ಆಗುತ್ತಿರುವುದು ಅದಕ್ಕಾಗಿ. ಆ ಹಾದಿಯಲ್ಲಿ ದುಡಿದವರಲ್ಲಿ ಕೈದಿಗಳಿಗಿಂತ ಕೂಲಿಗಳೇ ಹೆಚ್ಚು. ಬರ್ಮಾದವರು, ಮಲಯದವರು, ಜಾವಾದವರು, ಮಲಯದ ರಬ್ಬರ್ ತೋಟಗಳಲ್ಲಿದ್ದ ತಮಿಳರು. ಯುದ್ಧದಿಂದ ತೋಟದ ಕೆಲಸ ನಿಂತು ಹೊಟ್ಟೆಗಿಲ್ಲದೆ ಕೂತವರಿಗೆ ಒಳ್ಳೆಯ ಕೂಲಿಯ ಆಸೆ ತೋರಿಸಿದರು. ಬಾರದವರನ್ನು ಹಿಡಿದುಕೊಂಡೇ ಹೋದರು. ಕೈದಿಗಳ ಜೊತೆ ಅವರದೇ ಸೇನೆಯ ವೈದ್ಯರಾದರೂ ಇದ್ದರು, ಯಾರು ಯಾವಾಗ ಸತ್ತರೆಂದು ಗುಟ್ಟಾಗಿ ಬರೆದಿಡುವವರಿದ್ದರು. ಈ ಕೂಲಿಗಳಿಗೆ ಅದ್ಯಾವುದೂ ಇರಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಜನ, ಅದರಲ್ಲಿ ಸತ್ತವರು ಸುಮಾರು 90,000 ಎಂದು ಅಂದಾಜು. ಅಂದಾಜು ಅನ್ನಬೇಕಾಗಿ ಬಂದಿದೆಯಲ್ಲ, ನನ್ನ ಸಂಕಟ ಅದೇ.

ಮಂಡ್ಯದ ಆತಕೂರಿನಲ್ಲಿ ಹತ್ತನೇ ಶತಮಾನದಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಹೆಸರು ಕೆತ್ತಿ ಕಲ್ಲು ನಿಲ್ಲಿಸಿದವರು ನಮ್ಮವರು. ಊರೂರಲ್ಲಿ ವೀರಗಲ್ಲು ನೋಡಿ ಬೆಳೆದ ನಮಗೆ ಸತ್ತವನ ಹೆಸರು ಉಳಿಯಬೇಕೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಾಂಚನಬುರಿಯ ದೊಡ್ಡ ಸಮಾಧಿಸ್ಥಳದಲ್ಲಿ ಸುಮಾರು 7,000 ಸೈನಿಕರಿದ್ದಾರೆ. ಹೆಚ್ಚಿನವರಿಗೆ ತಲೆಗೊಂದು ಕಲ್ಲು, ಬಹುಪಾಲು ಕಲ್ಲುಗಳ ಮೇಲೆ ಹೆಸರು, ವಯಸ್ಸು. ಕೆಲವು ಕಡೆ ಮನೆಯವರು ಬರೆಸಿದ ಒಂದು ಸಾಲು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ವಾಟ್ ಥಾವೋರ್ನ್ ಎಂಬ ಬೌದ್ಧ ದೇವಾಲಯವಿದೆ. ಕೂಲಿಗಳ ಅಸ್ಥಿಗಳನ್ನು ಒಟ್ಟಿಗೆ ಇಟ್ಟ ಸ್ತೂಪ ಇರುವುದು ಅದರ ಆವರಣದಲ್ಲಿ. ತಮಿಳು ಕೂಲಿಗಳ ನೆನಪಿಗೆ 2023ರಲ್ಲಿ ಅಲ್ಲೊಂದು ‘ನಡುಕಲ್’ ನಿಲ್ಲಿಸಿದರು. ನಾವು ವೀರಗಲ್ಲು ಅನ್ನುವುದನ್ನೇ ತಮಿಳರು ಹಾಗನ್ನುವುದು. ಎಂಬತ್ತು ವರ್ಷದ ಮೇಲೆ ಬಂದ ಕಲ್ಲು ಅದು. ಟೂರಿನ ಬಸ್ ಅಲ್ಲಿ ನಿಲ್ಲದಿದ್ದರೆ ನೀವೇ ನಡೆದು ಹೋಗಿ.

ಬ್ಯಾಂಕಾಕಿನಿಂದ 130 ಕಿಲೋಮೀಟರ್ ದಾರಿ, ಬೆಳಿಗ್ಗೆ ಬೇಗ ಹೊರಡಿ. ಮೊದಲು ಸಮಾಧಿಸ್ಥಳದ ಪಕ್ಕದ ರೈಲ್ವೆ ಮ್ಯೂಸಿಯಂ ನೋಡಿ, ಸೇತುವೆ ಕೊನೆಗಿರಲಿ. ಸೇತುವೆಯ ಕಮಾನಿನಾಕಾರದ ಭಾಗಗಳು ಆಗಿನವೇ. ಬಾಂಬಿಗೆ ಬಿದ್ದದ್ದನ್ನು ಯುದ್ಧ ಮುಗಿದ ಮೇಲೆ ಕಟ್ಟಿದ ಕಡೆ ಆಕಾರ ಬೇರೆ, ಮಗನಿಗೆ ತೋರಿಸಿ. ಅಲ್ಲಿಂದ ನಾಮ್ ಟೋಕ್ ಕಡೆಗೆ ಈಗಲೂ ರೈಲು ಓಡುತ್ತದೆ, ಬಂಡೆಗೆ ಆತುಕೊಂಡ ಮರದ ಕಂಬಗಳ ಮೇಲೆ ನಿಧಾನವಾಗಿ ಸಾಗುತ್ತದೆ. ಹೆಲ್‌ಫೈರ್ ಪಾಸ್ ಇನ್ನೂ 80 ಕಿಲೋಮೀಟರ್ ಮುಂದೆ. ಒಂದೇ ದಿನಕ್ಕೆ ತುರುಕಬೇಡಿ, ಮಕ್ಕಳು ಸುಸ್ತಾಗುತ್ತಾರೆ. ಒಂದು ರಾತ್ರಿ ಉಳಿಯುವುದಾದರೆ ಮಾತ್ರ ಹೋಗಿ.

ಮಕ್ಕಳಿಗೆ ಏನು ಹೇಳುವುದೆಂಬ ಚಿಂತೆ ಬೇಡ. ಕಲ್ಲಿನ ಮೇಲಿನ ವಯಸ್ಸನ್ನು ಅವರೇ ಓದುತ್ತಾರೆ, ಇಪ್ಪತ್ತೆರಡು, ಇಪ್ಪತ್ತನಾಲ್ಕು. ಅವರು ಕೇಳಿದಷ್ಟಕ್ಕೆ ಉತ್ತರಿಸಿ ಸಾಕು.

ಅಮ್ಮನ ಮಾತನ್ನೂ ತಳ್ಳಿಹಾಕಬೇಡಿ. ಹೋಟೆಲಿಗೆ ಬಂದು ಎಲ್ಲರೂ ತಲೆಗೆ ನೀರು ಹಾಕಿಕೊಂಡು ಊಟಕ್ಕೆ ಕೂರುತ್ತೇವೆ ಎಂದು ಹೇಳಿ, ಹಾಗೆಯೇ ಮಾಡಿ. ಇನ್ನೊಂದು ಮಾತನ್ನೂ ತಿಳಿಸಿ. ಆ ಸಮಾಧಿಸ್ಥಳದ ಪ್ರವೇಶದ ಕಟ್ಟಡದಲ್ಲೇ, ಅವಿಭಜಿತ ಭಾರತದ ಸೇನೆಯ 11 ಮಂದಿಯ ಹೆಸರುಗಳಿವೆ. ಥಾಯ್ಲೆಂಡಿನ ಮುಸ್ಲಿಂ ಕಬರಸ್ತಾನಗಳಲ್ಲಿ ಮಣ್ಣಾದವರು, ಆ ಗೋರಿಗಳನ್ನು ಕಾಪಾಡಲಾಗದೆ ಹೆಸರುಗಳನ್ನು ಇಲ್ಲಿ ಬರೆಸಿದ್ದಾರೆ. ಜನ ಅದನ್ನು ದಾಟಿಕೊಂಡೇ ಒಳಗೆ ಹೋಗಿಬಿಡುತ್ತಾರೆ. ನೀವು ಅಲ್ಲಿ ನಿಂತು, ಹನ್ನೊಂದನ್ನೂ ಮಗಳ ಕೈಲಿ ಗಟ್ಟಿಯಾಗಿ ಓದಿಸಿ.

— ಸಂಪಾದಕ