ಸೈಟೇಶನ್ ಜಾಸ್ತಿ ಇರುವ ಗೈಡೇ ಒಳ್ಳೆಯ ಗೈಡಾ?

ಪ್ರಶ್ನೆ: ಸರ್, ಮಗಳು ಎಂ.ಎಸ್ಸಿ. ಫಿಸಿಕ್ಸ್ ಮುಗಿಸಿದ್ದಾಳೆ. ಕ್ಲೈಮೇಟ್ ಮಾಡೆಲಿಂಗ್‌ನಲ್ಲಿ ಪಿಎಚ್‌ಡಿ ಮಾಡಬೇಕಂತೆ. ಇಬ್ಬರು ಗೈಡ್‌ಗಳು ಒಪ್ಪಿದ್ದಾರೆ. ಗೂಗಲ್ ಸ್ಕಾಲರ್‌ನಲ್ಲಿ ನೋಡಿದರೆ ಒಬ್ಬರಿಗೆ 9,000 ಸೈಟೇಶನ್ (ಬೇರೆಯವರ ಪೇಪರ್‌ಗಳಲ್ಲಿ ಅವರ ಪೇಪರ್‌ಗಳ ಉಲ್ಲೇಖ), ಎಚ್-ಇಂಡೆಕ್ಸ್ 38. ಇನ್ನೊಬ್ಬರಿಗೆ 1,100, ಎಚ್-ಇಂಡೆಕ್ಸ್ 16. ಮಗಳು ಎರಡನೆಯವರೇ ಬೇಕು ಅನ್ನುತ್ತಾಳೆ. ಈ ಅಂಕಿಗಳನ್ನು ಎಷ್ಟು ನಂಬಬಹುದು?
(ಒಬ್ಬ ತಂದೆ, ದಾವಣಗೆರೆ)

ಉತ್ತರ: ಮಗಳು ಹೇಳಿದ್ದೇ ಸರಿ ಅಂತ ಇಲ್ಲಿಂದಲೇ ತೀರ್ಪು ಕೊಡಲಾರೆ. ಆದರೆ 9,000 ನೋಡಿ ಮರುಳಾಗಬೇಡಿ.

ಎಚ್-ಇಂಡೆಕ್ಸ್ 16 ಅಂದರೆ, ಕನಿಷ್ಠ 16 ಸಲ ಉಲ್ಲೇಖಗೊಂಡ ಪೇಪರ್‌ಗಳು 16 ಇವೆ ಅಂತ ಅರ್ಥ, ಅಷ್ಟೇ. 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಹುಟ್ಟುಹಾಕಿದ ಲೆಕ್ಕ ಇದು. ಜೀವಮಾನದಲ್ಲಿ ಮೂರೇ ಪೇಪರ್ ಬರೆದವರಿಗೆ, ಒಂದೊಂದಕ್ಕೂ ಸಾವಿರ ಸೈಟೇಶನ್ ಇದ್ದರೂ ಎಚ್-ಇಂಡೆಕ್ಸ್ ಮೂರೇ!

ನಮ್ಮ ಹವಾಮಾನ ಕ್ಷೇತ್ರದಲ್ಲಿ ಇನ್ನೊಂದು ಮಜಾ ಇದೆ. ಸೈಟೇಶನ್ ರಾಶಿ ಬೀಳುವುದು ಹೆಚ್ಚಾಗಿ ಡೇಟಾ ಪೇಪರ್‌ಗಳಿಗೆ. ಯುಜೀನಿಯಾ ಕಾಲ್ನೆ ಮತ್ತು ತಂಡದವರು 1996ರಲ್ಲಿ ಹಳೆಯ ಹವಾಮಾನ ದಾಖಲೆಗಳನ್ನೆಲ್ಲ ಒಂದೇ ಕಂಪ್ಯೂಟರ್ ಮಾಡೆಲ್ ಮೂಲಕ ಹಾಯಿಸಿ ದಶಕಗಳ ಡೇಟಾ ಕೊಟ್ಟರು. ಅದನ್ನು ಬಳಸಿದವರೆಲ್ಲ ಆ ಪೇಪರನ್ನು ಹೆಸರಿಸಲೇಬೇಕು, ಟೋಲ್ ಗೇಟ್ ದಾಟಿದ ಹಾಗೆ. ಕೆಲಸ ದೊಡ್ಡದೇ, ಅನುಮಾನವಿಲ್ಲ. ಆದರೆ ಇಂಥ ಪೇಪರ್‌ನಲ್ಲಿ ಹದಿನೈದನೇ ಹೆಸರು ಇದ್ದವರಿಗೂ ಪೂರ್ತಿ ಸೈಟೇಶನ್ ಸಿಗುತ್ತದೆ. ಹಾಗಾಗಿ ಮೊದಲು ಆ 9,000 ಎಲ್ಲಿಂದ ಬಂತು ಅಂತ ನೋಡಿ. ಆರು ಸಾವಿರ ಒಂದೇ ಗುಂಪು ಪೇಪರ್‌ನಿಂದ ಬಂದಿದ್ದರೆ ಕಥೆಯೇ ಬೇರೆ, ಅಲ್ವಾ?

ಈಗ ಹವಾಮಾನ ವಿಜ್ಞಾನಿ ಸ್ಯುಕುರೊ ಮನಾಬೆ ಅವರನ್ನು ನೋಡಿ. 1931ರಲ್ಲಿ ಜಪಾನಿನ ಎಹಿಮೆ ಪ್ರಾಂತ್ಯದಲ್ಲಿ ಹುಟ್ಟಿದವರು, ಟೋಕಿಯೊದಲ್ಲಿ ಡಾಕ್ಟರೇಟ್ ಮುಗಿಸಿ 1958ರಲ್ಲಿ ಅಮೆರಿಕಕ್ಕೆ ಹೋದರು. ಕರೆಸಿಕೊಂಡವರು ಅಲ್ಲಿನ ಹವಾಮಾನ ವಿಜ್ಞಾನಿ ಜೋಸೆಫ್ ಸ್ಮಾಗೊರಿನ್‌ಸ್ಕಿ. 1967ರಲ್ಲಿ ರಿಚರ್ಡ್ ವೆದರಾಲ್ಡ್ ಜೊತೆ ಮನಾಬೆ ಒಂದು ಪೇಪರ್ ಬರೆದರು. ಅದರಲ್ಲಿ ಇಡೀ ಭೂಮಿ ಇಲ್ಲ, ಸಮುದ್ರ ಇಲ್ಲ, ನೆಲದಿಂದ ಮೇಲಕ್ಕೆ ನಿಂತ ಗಾಳಿಯ ಒಂದು ಕಂಬ ಅಷ್ಟೇ. ಕಾರ್ಬನ್ ಡೈಆಕ್ಸೈಡ್ 300 ಪಿಪಿಎಂನಿಂದ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ) 600ಕ್ಕೆ ಏರಿದರೆ ನೆಲ ಎಷ್ಟು ಬಿಸಿಯಾಗುತ್ತದೆ ಎಂಬುದು ಪ್ರಶ್ನೆ. ನಾಲ್ಕು ವರ್ಷ ಮೊದಲು ಫ್ರಿಟ್ಜ್ ಮೊಲ್ಲರ್ ಎಂಬ ವಿಜ್ಞಾನಿ ನೆಲಮಟ್ಟದ ಶಾಖದ ಲೆಕ್ಕ ಮಾತ್ರ ಹಾಕಿ ಹತ್ತು ಡಿಗ್ರಿ ಹತ್ತಿರದ ಉತ್ತರಕ್ಕೆ ಬಂದಿದ್ದರು. ಮನಾಬೆ ಕಂಬದ ಬುಡದಿಂದ ತುದಿವರೆಗೆ ಲೆಕ್ಕ ಹಾಕಿದರು. ಗಾಳಿಯ ನೀರಾವಿ ಇದ್ದಷ್ಟೇ ಇದ್ದರೆ 1.33 ಡಿಗ್ರಿ. ಗಾಳಿ ಬಿಸಿಯಾದಷ್ಟೂ ಜಾಸ್ತಿ ನೀರಾವಿ ಹಿಡಿಯುತ್ತದೆ, ಆ ಆವಿಯೂ ಶಾಖವನ್ನು ತಡೆಯುತ್ತದೆ. ಅದನ್ನೂ ಸೇರಿಸಿದರೆ 2.36. ನನಗಂತೂ ಇವತ್ತಿಗೂ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ನೋಡಿದರೆ ಖುಷಿಯಾಗುತ್ತದೆ. ನೆಲ ಬಿಸಿಯಾದಾಗ ಮೇಲಿನ ಗಾಳಿಯ ಪದರ, ಸ್ಟ್ರಾಟೋಸ್ಫಿಯರ್, ತಣ್ಣಗಾಗುತ್ತದೆ ಅಂತಲೂ ಅದೇ ಪೇಪರ್ ಹೇಳಿತ್ತು, ಆಮೇಲೆ ಅಳೆದಾಗ ಹಾಗೇ ಕಂಡುಬಂತು. ಸೂರ್ಯನ ಬಿಸಿ ಏರಿದ್ದೇ ಕಾರಣವಾಗಿದ್ದರೆ ಮೇಲೂ ಬಿಸಿಯಾಗಬೇಕಿತ್ತು.

2015ರಲ್ಲಿ ಕಾರ್ಬನ್ ಬ್ರೀಫ್ ಎಂಬ ಹವಾಮಾನ ಸುದ್ದಿತಾಣದವರು, ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿಗಳ ಲೇಖಕರನ್ನು ಅತಿ ಪ್ರಭಾವಿ ಹವಾಮಾನ ಪೇಪರ್ ಯಾವುದು ಅಂತ ಕೇಳಿದಾಗ ಅತಿ ಹೆಚ್ಚು ಓಟು ಬಿದ್ದದ್ದು ಈ ಪೇಪರ್‌ಗೆ. ನೊಬೆಲ್ ಬಂದದ್ದು 2021ರಲ್ಲಿ, ಮನಾಬೆಗೆ ತೊಂಬತ್ತು ವರ್ಷವಾದಾಗ. ಇಷ್ಟಾದರೂ ಡೇಟಾ ಪೇಪರ್‌ಗಳ ಸೈಟೇಶನ್ ಮುಂದೆ ಇದರದ್ದು ಚಿಕ್ಕದು. ಯಾಕೆ ಗೊತ್ತಾ? ನೀರಾವಿ ಶಾಖ ಹೆಚ್ಚಿಸುತ್ತದೆ ಎಂಬುದು ಪಠ್ಯಪುಸ್ತಕದ ಮಾತಾಗಿಹೋಗಿದೆ. ಅದನ್ನು ಬರೆಯುವಾಗ ಮನಾಬೆ ಹೆಸರು ಹಾಕಬೇಕು ಅಂತ ಹೆಚ್ಚಿನವರಿಗೆ ಅನ್ನಿಸುವುದೇ ಇಲ್ಲ. ಗುರುತ್ವದ ಬಗ್ಗೆ ಬರೆಯುವಾಗ ಯಾರು ನ್ಯೂಟನ್‌ಗೆ ಸೈಟೇಶನ್ ಕೊಡುತ್ತಾರೆ?

ವಿಷಯ ಯಾವುದು ಅನ್ನುವುದೂ ಮುಖ್ಯ. ಬೆಂಗಳೂರಿನ ಐಐಎಸ್‌ಸಿಯ ಸುಲೋಚನಾ ಗಾಡ್ಗೀಳ್ ಅವರು ಹವಾಮಾನ ವಿಜ್ಞಾನಿ ಡಿ.ಆರ್. ಸಿಕ್ಕಾ ಜೊತೆ ಸೇರಿ, ಮುಂಗಾರಿನ ಮೋಡದ ಪಟ್ಟಿ ಸಮುದ್ರದಿಂದ ಉತ್ತರಕ್ಕೆ ಸರಿಯುವುದನ್ನು ಉಪಗ್ರಹ ಚಿತ್ರಗಳಿಂದ 1980ರಲ್ಲಿ ತೋರಿಸಿದರು. ಮುಂಗಾರಿನ ಮೇಲೆ ಕೆಲಸ ಮಾಡುವವರಿಗೆ ಅದು ಓದಲೇಬೇಕಾದ ಪೇಪರ್. ಆದರೆ ಓದುವ ಮಂದಿಯೇ ಕಡಿಮೆ ಇದ್ದಾಗ ಸಂಖ್ಯೆ ಎಲ್ಲಿಂದ ಬರಬೇಕು?

ನೀವೇ ಮಾಡಬಹುದಾದದ್ದು ಒಂದಿದೆ. ಇಬ್ಬರದ್ದೂ ಒಂದೊಂದು ಪೇಪರ್ ಆರಿಸಿಕೊಳ್ಳಿ. ಅದನ್ನು ಉಲ್ಲೇಖಿಸಿದ ಮೂರ್ನಾಲ್ಕು ಪೇಪರ್ ತೆಗೆದು ಅವರ ಹೆಸರು ಎಲ್ಲಿ ಬಂದಿದೆ ಅಂತ ಮಗಳಿಗೆ ನೋಡಲು ಹೇಳಿ. ಮೊದಲ ಪ್ಯಾರಾದಲ್ಲಿ ಹತ್ತು ಹೆಸರುಗಳ ಜೊತೆ ಸುಮ್ನೆ ಬಂದಿದ್ದರೆ ಅದು ಹಾಜರಿ ಕೂಗಿದ ಹಾಗೆ. ಅವರ ವಿಧಾನವನ್ನೇ ಹಿಡಿದು ಮುಂದೆ ಹೋಗಿದ್ದರೆ ಅದಕ್ಕೆ ತೂಕ ಜಾಸ್ತಿ. ನನ್ನದೇ ಒಂದು ಪೇಪರ್ ಇದೆ, ಅದು ತಪ್ಪು ಅಂತ ತೋರಿಸಲಿಕ್ಕೇ ಜನ ಉಲ್ಲೇಖಿಸುತ್ತಾರೆ. ಅದೂ ಎಣಿಕೆಗೆ ಸೇರುತ್ತದೆ!

ಮುಖ್ಯವಾಗಿ ಇಬ್ಬರೂ ಗೈಡ್‌ಗಳ ಈಗಿನ ವಿದ್ಯಾರ್ಥಿಗಳ ಹತ್ತಿರ ಮಗಳು ಅರ್ಧ ಗಂಟೆ ಮಾತಾಡಲಿ. ಪೇಪರ್‌ನಲ್ಲಿ ಮೊದಲ ಹೆಸರು ಯಾರದ್ದಿರುತ್ತದೆ? ಮಾಡೆಲ್‌ನ ಕೋಡ್ ಒಳಗೆ ಕೈಹಾಕಲು ಬಿಡುತ್ತಾರಾ, ಇಲ್ಲ ಬೇರೆಯವರು ಓಡಿಸಿದ ಫಲಿತಾಂಶಕ್ಕೆ ಗ್ರಾಫ್ ಹಾಕಿಸುತ್ತಾರಾ? ಮಾಡೆಲ್ ಓಡುತ್ತಾ ಅರ್ಧಕ್ಕೆ ನಿಂತರೆ ಯಾರ ಹತ್ತಿರ ಹೋಗುತ್ತೀರಿ? ಇದನ್ನೆಲ್ಲ ಕೇಳಿಕೊಂಡು ಬಂದ ಮೇಲೂ ಎರಡನೆಯವರೇ ಬೇಕು ಅಂದರೆ, ಹೂಂ ಅನ್ನಿ.