ಜೇಡ್ ಗಿಡದ ಎಲೆ ಉದುರುತ್ತಿದೆ: ನೀರು ಹೆಚ್ಚಾಯಿತೇ, ಕಡಿಮೆಯಾಯಿತೇ?

ಪ್ರಶ್ನೆ: ಮೂರು ವರ್ಷಗಳಿಂದ ಸೊಂಪಾಗಿ ಬೆಳೆದಿದ್ದ ನನ್ನ ಜೇಡ್ ಗಿಡ ಒಂದು ತಿಂಗಳಿಂದ ದಿನಕ್ಕೆ ನಾಲ್ಕೈದು ಎಲೆಗಳನ್ನು ಉದುರಿಸುತ್ತಿದೆ. ಎರಡು ತಿಂಗಳ ಹಿಂದೆ ಅದನ್ನು ಹಳೆಯ ಮಣ್ಣಿನ ಕುಂಡದಿಂದ ತೆಗೆದು ದೊಡ್ಡದೊಂದು ಪಿಂಗಾಣಿ ಕುಂಡದಲ್ಲಿ ನೆಟ್ಟು, ಬಾಲ್ಕನಿಯಿಂದ ಒಳಕೋಣೆಗೆ ತಂದಿಟ್ಟೆ. ಕೆಲವು ವಾರಗಳಲ್ಲಿ ಎಲೆಗಳು ಸುಕ್ಕುಗಟ್ಟಿದವು. ನೀರು ಸಾಲುತ್ತಿಲ್ಲವೆಂದು ಭಾವಿಸಿ, ವಾರಕ್ಕೊಮ್ಮೆ ಹಾಕುತ್ತಿದ್ದ ನೀರನ್ನು ದಿನ ಬಿಟ್ಟು ದಿನ ಹಾಕತೊಡಗಿದೆ. ಈಗ ಮುಟ್ಟಿದರೆ ಸಾಕು, ಎಲೆ ಕಳಚಿಕೊಳ್ಳುತ್ತದೆ. ಗೊಬ್ಬರ ಹಾಕಬೇಕೇ? ಗಿಡ ಉಳಿಯುವ ಸಾಧ್ಯತೆ ಇದೆಯೇ?

ಉತ್ತರ: ಗೊಬ್ಬರದ ಯೋಚನೆಯನ್ನು ಸದ್ಯಕ್ಕೆ ಬಿಡಿ, ನೀರು ಹಾಕುವುದನ್ನೂ ಇಂದೇ ನಿಲ್ಲಿಸಿ. ನಿಮ್ಮ ಗಿಡಕ್ಕೆ ಬಾಯಾರಿಕೆಯಾಗಿರುವುದು ನಿಜ. ಆದರೆ ಅದಕ್ಕೆ ಕಾರಣ ಮಣ್ಣಿನಲ್ಲಿ ನೀರಿಲ್ಲದಿರುವುದಲ್ಲ, ಇರುವ ನೀರನ್ನು ಮೇಲಕ್ಕೆ ಕಳಿಸಬೇಕಾದ ಬೇರುಗಳು ಕೊಳೆತಿರುವುದು ಎಂದು ನೀವು ಬರೆದಿರುವ ಕ್ರಮದಿಂದಲೇ ಅನಿಸುತ್ತದೆ. ಸುಕ್ಕುಗಟ್ಟಿದ ಎಲೆಯನ್ನು ಕಂಡ ಕೂಡಲೇ ನೀರಿನ ತಂಬಿಗೆಗೆ ಕೈಹಾಕುವುದು ಸಹಜವೇ. ಬಹುಪಾಲು ಜೇಡ್ ಗಿಡಗಳು ಸಾಯುವುದು ಹೀಗೆ, ಅಕ್ಕರೆಯ ಕೈಗಳಿಂದಲೇ.

ಜೇಡ್ ದಕ್ಷಿಣ ಆಫ್ರಿಕಾ ಮತ್ತು ಮೊಜಾಂಬಿಕ್‌ನ ಒಣ ಕಲ್ಲುಗುಡ್ಡಗಳ ಗಿಡ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ರಾಸುಲಾ ಓವಾಟಾ. ಇದರ ದಪ್ಪ ಎಲೆಯೆಂದರೆ ಒಂದು ನೀರಿನ ತೊಟ್ಟಿ. ಹಗಲಿನ ಬಿಸಿಲಿಗೆ ನೀರು ಆವಿಯಾಗದಂತೆ ಈ ಗಿಡ ತನ್ನ ಪತ್ರರಂಧ್ರಗಳನ್ನು ಮುಖ್ಯವಾಗಿ ರಾತ್ರಿಯಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತದೆ, ಅದನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು ಹಗಲಿನಲ್ಲಿ ಆಹಾರ ತಯಾರಿಕೆಗೆ ಬಳಸುತ್ತದೆ. ಇಷ್ಟು ಮಿತವ್ಯಯದ ಗಿಡವನ್ನು ಬೆಳಕು ಕಡಿಮೆಯಿರುವ ಕೋಣೆಯಲ್ಲಿಟ್ಟರೆ ಅದರ ನೀರಿನ ಖರ್ಚು ಇನ್ನಷ್ಟು ಇಳಿಯುತ್ತದೆ. ದೊಡ್ಡ ಕುಂಡದ ಹೆಚ್ಚುವರಿ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ. ಹಳೆಯ ಮಣ್ಣಿನ ಕುಂಡದ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತಿತ್ತು, ಪಿಂಗಾಣಿಯದು ಬಿಡುವುದಿಲ್ಲ. ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಬೇರುಗಳು ಉಸಿರುಕಟ್ಟಿ ಸಾಯುತ್ತವೆ, ಸತ್ತ ಬೇರಿಗೆ ಕೊಳೆರೋಗ ತಗಲುತ್ತದೆ. ಹೊಸ ಕುಂಡದ ತಳದಲ್ಲಿ ತೂತು ಇದೆಯೇ ಇಲ್ಲವೇ ಎಂಬುದನ್ನು ನೀವು ಬರೆದಿಲ್ಲ. ಮೊದಲು ಅದನ್ನು ನೋಡಿ.

ಹಾಗೆಂದು ನನ್ನ ಊಹೆಯನ್ನೇ ನಂಬಿ ಕತ್ತರಿ ಹಿಡಿಯಬೇಡಿ. ಇಂದು ಉದುರಿದ ಎಲೆಯೊಂದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಿ. ಎಲೆ ಹಳದಿಯಾಗಿ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಂಡು, ಒತ್ತಿದಾಗ ನೀರು ಜಿನುಗಿದರೆ ಅದು ಅತಿಯಾದ ನೀರಿನ ಗುರುತು. ಎಲೆ ತೆಳ್ಳಗಾಗಿ, ಒಣಗಿದ ಚರ್ಮದಂತೆ ಮಡಚಿಕೊಂಡು, ಕೆಳಗಿನ ಹಳೆಯ ಎಲೆಗಳೇ ಮೊದಲು ಉದುರುತ್ತಿದ್ದರೆ ಗಿಡ ನಿಜಕ್ಕೂ ಒಣಗಿರಬಹುದು. ಹಸಿರಾಗಿ ಗಟ್ಟಿಯಾಗಿರುವ ಎಲೆಯೇ ಬಿದ್ದಿದ್ದರೆ, ಜಾಗ ಬದಲಾದದ್ದರ ಆಘಾತವನ್ನೋ ತಣ್ಣನೆಯ ಗಾಳಿಯ ಹೊಡೆತವನ್ನೋ ಶಂಕಿಸಬೇಕು. ಆ ಎಲೆ ಕಳಚಿದ ಕಡೆ ಕಾಂಡವನ್ನು ಒತ್ತಿ ನೋಡುವುದನ್ನಂತೂ ಮರೆಯಬಾರದು, ಅಲ್ಲಿ ಮೆತ್ತಗಿದ್ದರೆ ಕೊಳೆ ಕಾಂಡಕ್ಕೆ ಏರಿದೆ ಎಂದೇ ಅರ್ಥ.

ತೊಡಕಿರುವುದು ಸುಕ್ಕಿನ ವಿಷಯದಲ್ಲಿ, ಏಕೆಂದರೆ ಒಣಗಿದ ಗಿಡದ ಎಲೆಯೂ ಬೇರು ಕೊಳೆತ ಗಿಡದ ಎಲೆಯೂ ಒಂದೇ ಬಗೆಯಲ್ಲಿ ಸುಕ್ಕುಗಟ್ಟುತ್ತವೆ. ಇವೆರಡನ್ನು ಬೇರ್ಪಡಿಸಿ ಹೇಳಬಲ್ಲದ್ದು ಮಣ್ಣು ಮಾತ್ರ. ತೆಳ್ಳನೆಯ ಬಿದಿರಿನ ಕಡ್ಡಿಯೊಂದನ್ನು ಕುಂಡದ ತಳ ಮುಟ್ಟುವವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಹೊರತೆಗೆಯಿರಿ. ಮೇಲ್ಮಣ್ಣು ಒಣಗಿದ್ದರೂ ಕಡ್ಡಿಯ ತುದಿ ತಣ್ಣಗಿದ್ದು ಮಣ್ಣು ಮೆತ್ತಿಕೊಂಡು ಬಂದರೆ ಕೆಳಗೆ ನೀರು ನಿಂತಿದೆ. ಕಡ್ಡಿ ಪೂರ್ತಿ ಒಣಗಿಯೇ ಬಂದರೆ ಒಮ್ಮೆ ಧಾರಾಳವಾಗಿ ನೀರು ಕೊಟ್ಟು ಎರಡು ಮೂರು ದಿನ ಕಾಯಿರಿ. ಬೇರು ಜೀವಂತವಾಗಿದ್ದರೆ ಅಷ್ಟರಲ್ಲಿ ಎಲೆಗಳು ಉಬ್ಬಿಕೊಳ್ಳುತ್ತವೆ.

ಕಡ್ಡಿ ಒದ್ದೆಯಾಗಿ ಬಂದರೆ ತಡಮಾಡದೆ ಗಿಡವನ್ನು ಕುಂಡದಿಂದ ಹೊರತೆಗೆದು, ಬೇರಿಗಂಟಿದ ಮಣ್ಣನ್ನು ಬೆರಳುಗಳಿಂದ ಬಿಡಿಸಿ. ಆರೋಗ್ಯವಂತ ಬೇರು ಬೆಳ್ಳಗೆ ಅಥವಾ ತಿಳಿಕಂದು ಬಣ್ಣದಲ್ಲಿದ್ದು ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಪ್ಪಾಗಿರುತ್ತದೆ, ಎಳೆದರೆ ಹೊರಸಿಪ್ಪೆ ಕೈಗೆ ಬಂದು ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ. ಅದರ ಹುಳಿವಾಸನೆಯನ್ನು ಒಮ್ಮೆ ಮೂಸಿದವರು ಮರೆಯಲಾರರು. ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದ ಹರಿತವಾದ ಬ್ಲೇಡಿನಿಂದ ಕೊಳೆತ ಬೇರುಗಳನ್ನೆಲ್ಲ ಕತ್ತರಿಸಿ ತೆಗೆಯಿರಿ. ಕಾಂಡದ ಬುಡವೂ ಮೆತ್ತಗಿದ್ದರೆ, ಕತ್ತರಿಸಿದ ಮುಖದಲ್ಲಿ ಕಂದು ಚುಕ್ಕೆಯಾಗಲಿ ಉಂಗುರವಾಗಲಿ ಕಾಣದೆ ಪೂರ್ತಿ ತಿಳಿಹಸಿರು ಸಿಗುವವರೆಗೆ, ಪ್ರತಿ ಸಲವೂ ಬ್ಲೇಡನ್ನು ಒರೆಸುತ್ತ, ಸ್ವಲ್ಪಸ್ವಲ್ಪವೇ ಮೇಲಕ್ಕೆ ಕತ್ತರಿಸುತ್ತಾ ಹೋಗಬೇಕು. ಇಲ್ಲಿ ಕನಿಕರ ತೋರಿಸಿ ಕಂದು ಭಾಗವನ್ನು ಒಂದಿಷ್ಟು ಉಳಿಸಿದರೆ ಕೊಳೆ ಅಲ್ಲಿಂದಲೇ ಮತ್ತೆ ಮೇಲೇರುತ್ತದೆ.

ಕತ್ತರಿಸಿದ ಗಿಡವನ್ನು ಕೂಡಲೇ ನೆಡಬಾರದು. ಬೇರನ್ನಷ್ಟೇ ಸವರಿದ್ದರೆ ಮೂರು ನಾಲ್ಕು ದಿನ, ದಪ್ಪ ಕಾಂಡವನ್ನು ಕತ್ತರಿಸಿದ್ದರೆ ವಾರದಿಂದ ಹತ್ತು ದಿನ ಗಾಳಿಯಾಡುವ ನೆರಳಿನಲ್ಲಿಟ್ಟು ಗಾಯದ ಮೇಲೆ ಒಣ ಪೊರೆ ಕಟ್ಟಲು ಬಿಡಿ. ಬೇರಿಲ್ಲದೆ ಇಷ್ಟು ದಿನ ಹೇಗೆ ಬದುಕೀತು ಎಂಬ ಆತಂಕ ಬೇಡ, ಎಲೆಯ ತೊಟ್ಟಿಗಳು ಇರುವುದೇ ಅದಕ್ಕೆ. ಆಮೇಲೆ ತೂತಿರುವ ಮಣ್ಣಿನ ಕುಂಡದಲ್ಲಿ, ಕುಂಡಗಳಿಗೆಂದೇ ಸಿಗುವ ಮಣ್ಣು ಅರ್ಧ ಪಾಲು, ಪರ್ಲೈಟ್, ಪ್ಯೂಮಿಸ್ (ಎರಡೂ ನೀರು ಬೇಗ ಬಸಿಯಲು ಬೆರೆಸುವ ಹಗುರ ಕಲ್ಲಿನ ಹರಳುಗಳು) ಅಥವಾ ದಪ್ಪ ಮರಳು ಅರ್ಧ ಪಾಲು ಬೆರೆಸಿ ನೆಡಿ. ಕುಂಡ ಬೇರಿನ ಗುಂಪಿಗಿಂತ ಎರಡು ಮೂರು ಸೆಂಟಿಮೀಟರ್ ಅಗಲವಿದ್ದರೆ ಸಾಕು. ನೀರು ಬಸಿಯಲೆಂದು ಕುಂಡದ ತಳಕ್ಕೆ ಜಲ್ಲಿಯ ಪದರ ಹಾಕುವ ರೂಢಿಯಿದೆ. ನನ್ನ ಮಟ್ಟಿಗೆ ಅದೊಂದು ತಪ್ಪು ನಂಬಿಕೆ, ಏಕೆಂದರೆ ಸಣ್ಣ ಕಣದ ಮಣ್ಣು ಪೂರ್ತಿ ನೆನೆಯುವವರೆಗೆ ನೀರನ್ನು ಕೆಳಗಿನ ಜಲ್ಲಿಗೆ ಬಿಟ್ಟುಕೊಡುವುದಿಲ್ಲ, ಅದರಿಂದ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರ ಬಂದಂತಾಗುತ್ತದೆ.

ನೆಟ್ಟು ಒಂದು ವಾರದ ನಂತರ ಮೊದಲ ನೀರು ಕೊಡಿ. ಮುಂದೆಯೂ ಇಷ್ಟು ದಿನಕ್ಕೊಮ್ಮೆ ಎಂಬ ಲೆಕ್ಕವಿಲ್ಲದೆ, ಕಡ್ಡಿ ಒಣಗಿ ಬಂದಾಗ ಮಾತ್ರ, ತಳದಿಂದ ಸೋರುವಷ್ಟು ಹಾಕಿ. ಕಿಟಕಿಯ ಪಕ್ಕದ ಒಳ್ಳೆಯ ಬೆಳಕಿನಲ್ಲಿ ಗಿಡವನ್ನಿಟ್ಟು, ನೇರ ಬಿಸಿಲಿಗೆ ಎರಡು ವಾರಗಳಲ್ಲಿ ಹಂತಹಂತವಾಗಿ ಒಗ್ಗಿಸಿ. ಒಮ್ಮೆಲೇ ಇಟ್ಟರೆ ಎಲೆ ಸುಡುತ್ತದೆ. ಹೊಸ ಚಿಗುರು ಕಂಡ ಮೇಲೆ ಗೊಬ್ಬರದ ಮಾತು. ಕಾಂಡವೆಲ್ಲ ಕೊಳೆತು ಕೈಬಿಟ್ಟರೂ, ಗಟ್ಟಿಯಾಗಿ ಉಳಿದ ಕೊಂಬೆಯ ಎಂಟು ಹತ್ತು ಸೆಂಟಿಮೀಟರ್ ತುದಿಗಳನ್ನು ಕತ್ತರಿಸಿ, ಹೀಗೆಯೇ ಒಣಗಿಸಿ ನೆಟ್ಟರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತವೆ.

ಪ್ರಶ್ನೆ: ನನ್ನ ತೂಗುಕುಂಡದ ‘ಬರೋಸ್ ಟೇಲ್’ ಗಿಡದ ಎಲೆಗಳು ತುಸು ತಗುಲಿದರೂ ಉದುರುತ್ತವೆ. ಎಲೆಗಳು ಹಸಿರಾಗಿ ದುಂಡಗೇ ಇವೆ. ಇದು ರೋಗವೇ?

ಉತ್ತರ: ಅಲ್ಲ. ಮೆಕ್ಸಿಕೊ ಮೂಲದ ಈ ಸೀಡಮ್ ಗಿಡದ ಎಲೆಗಳು ಕಾಂಡಕ್ಕೆ ಅಂಟಿರುವುದೇ ಸಡಿಲವಾಗಿ, ಬಿದ್ದ ಎಲೆ ಬೇರು ಬಿಟ್ಟು ಹೊಸ ಗಿಡವಾಗುವುದು ಅದರ ಸಂತಾನಕ್ರಮ. ಓಡಾಟದ ದಾರಿಯಲ್ಲಿರುವ ಕುಂಡವನ್ನು ಮೂಲೆಗೆ ಸರಿಸಿ, ಬಿದ್ದ ಎಲೆಗಳನ್ನು ಒಣ ಮಣ್ಣಿನ ಮೇಲೆ ಹರಡಿಡಿ. ಎಲೆಗಳ ಸಂದಿಯಲ್ಲಿ ಮಾತ್ರ ಒಮ್ಮೆ ಇಣುಕಿ ನೋಡಿ: ಹತ್ತಿಯಂಥ ಬಿಳಿ ಚೂರುಗಳು ಕಂಡರೆ ಅದು ಹಿಟ್ಟು ತಿಗಣೆ. ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಪ್ರತಿ ತಿಗಣೆಗೂ ಮುಟ್ಟಿಸಿ, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ವಾರ ಮುಂದುವರಿಸಿ. ಮೊದಲ ಸಲಕ್ಕೆ ತಪ್ಪಿಸಿಕೊಂಡ ಮೊಟ್ಟೆಗಳು ಅಷ್ಟರಲ್ಲಿ ಒಡೆದು ಮರಿಗಳು ಹೊರಬಂದಿರುತ್ತವೆ.