ಓದುಗರ ಪ್ರಶ್ನೆ: ಧಾರೆಯ ಹೊತ್ತಿಗೆ ನೇರಳೆ ದೀಪ ಆರಿಸಿ

ಪ್ರಶ್ನೆ: ಬರುವ ತಿಂಗಳು ಮಗಳ ಮದುವೆ. ಉಡುಪಿಯ ಎಸಿ ಸಭಾಭವನದಲ್ಲಿ ಅಭಿಜಿನ್ ಲಗ್ನಕ್ಕೆ (ನಡುಹಗಲಿನ ಮುಹೂರ್ತಕ್ಕೆ) ಧಾರೆ. ಅಕ್ಕನ ಮಗನ ಮದುವೆಯ ಆಲ್ಬಮ್‌ನಲ್ಲಿ ಎಲ್ಲರ ಮುಖವೂ ನೇರಳೆ ಹಣ್ಣು ತಿಂದ ನಾಲಗೆಯ ಬಣ್ಣಕ್ಕೆ ತಿರುಗಿತ್ತು. ದುಬಾರಿ ಫೋಟೋಗ್ರಾಫರನೇ ಬಂದಿದ್ದ. ಹೀಗಾಗದಂತೆ ನಮ್ಮ ಕಡೆಯಿಂದ ಏನು ಮಾಡಬೇಕು?
– ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ಕ್ಯಾಮೆರಾವನ್ನು ಬೈಯಬೇಡಿ ಅಮ್ಮ, ಮಂಟಪ ಅಲಂಕರಿಸುವವರನ್ನು ವಿಚಾರಿಸಿ. ಮಂಟಪದ ಬುಡದಲ್ಲಿ ನೀಲಿ, ನೇರಳೆ ಎಲ್‌ಇಡಿ ದೀಪಗಳನ್ನು ಮೇಲ್ಮುಖವಾಗಿ ಇಡುವುದು ಈಗಿನ ಚಾಳಿ. ಆ ಬೆಳಕಿನಲ್ಲಿ ಹಸಿರಿನ ಅಂಶ ಬಹುತೇಕ ಇರುವುದಿಲ್ಲ. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಎಡಿಟಿಂಗ್‌ನಲ್ಲಿ ಎಲ್ಲಿಂದ ತರುವುದು? ಮುಂಗಡ ಕೊಡುವ ದಿನವೇ ಹೇಳಿಬಿಡಿ: ಮೆಹಂದಿಯ ರಾತ್ರಿ ಬೇಕಾದ ಬಣ್ಣ ಹಾಕಲಿ, ಧಾರೆಗೆ ಬಿಳಿ ಅಥವಾ ತಿಳಿಹಳದಿ, ಎರಡರಲ್ಲಿ ಒಂದು ಮಾತ್ರ. ಹಿಂದುಗಡೆ ಎಲ್‌ಇಡಿ ಪರದೆ ಇದ್ದರೆ ಧಾರೆ ಮುಗಿಯುವವರೆಗೆ ಆರಿಸಿಡಲಿ. ವಧೂವರರ ಹೆಸರು ಅಲ್ಲಿ ಹೊಳೆಯದಿದ್ದರೆ ಯಾರ ಮದುವೆಯೆಂದು ಬಂದವರಿಗೆ ತಿಳಿಯದೆ ಹೋಗುತ್ತದೆಯೇ?

ಇನ್ನೊಂದು ಕಾಟವೂ ಇದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಸುತ್ತು. ಅಗ್ಗದ ದೀಪಗಳು ಸುತ್ತಿಗೆ ಎರಡರಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಆ ಮಿನುಗು ಫೋಟೋದಲ್ಲಿ ಅಡ್ಡಪಟ್ಟಿಯಾಗಿ ಬೀಳಬಹುದು. ಹಿಂದಿನ ದಿನ ಸಭಾಭವನಕ್ಕೆ ಹೋಗಿ, ದೀಪವೆಲ್ಲ ಹಾಕಿಸಿ, ನಾಲ್ಕು ಫೋಟೋ ತೆಗೆದು ನೋಡುವಂತೆ ಫೋಟೋಗ್ರಾಫರನಿಗೆ ಹೇಳಿ. ಪಟ್ಟಿ ಕಂಡರೆ ಶಟರ್ ವೇಗವನ್ನು 1/100 ಸೆಕೆಂಡಿಗೆ ಇಳಿಸಿ ನೋಡುತ್ತಾನೆ.

ಧಾರೆಯ ಮಾತಿಗೆ ಬರುತ್ತೇನೆ. ಗಿಂಡಿಯಿಂದ ನೀರು ಬೀಳುವುದು ಸ್ವಲ್ಪವೇ ಹೊತ್ತು. ಸರಿಯಾಗಿ ಆಗಲೇ ಬಂಧುಗಳು ಕೈಚಾಚಿ ಮುತ್ತಿಕೊಳ್ಳುತ್ತಾರೆ, ಮುಂದಿನ ಸಾಲಿನವರು ಮೊಬೈಲ್ ಎತ್ತುತ್ತಾರೆ, ವಿಡಿಯೋದವನು ಅಡ್ಡ ನಿಲ್ಲುತ್ತಾನೆ. ಕೊನೆಗೆ ಆಲ್ಬಮ್‌ನಲ್ಲಿ ಉಳಿಯುವುದು ಯಾವುದೋ ಮಾವನ ಬೆನ್ನು. ಪುರೋಹಿತರ ಎದುರು ಬದಿಯಲ್ಲಿ ಫೋಟೋಗ್ರಾಫರ್ ನಿಲ್ಲುವಷ್ಟು ಜಾಗ ಕಾಯಲು ಮನೆಯ ಗಟ್ಟಿ ಸ್ವರದ ಹುಡುಗನೊಬ್ಬನನ್ನು ನಿಲ್ಲಿಸಿ. ನೆಂಟರೆಲ್ಲರ ಗುರುತಿರುವ ಚಿಕ್ಕಮ್ಮನೊಬ್ಬರು ಫೋಟೋಗ್ರಾಫರನ ಪಕ್ಕದಲ್ಲಿರಲಿ. ಸೋದರಮಾವ ಯಾರು, ದೊಡ್ಡಪ್ಪ ಯಾರು ಎಂದು ಅವನಿಗೆ ಹೇಗೆ ತಿಳಿಯಬೇಕು? ಹಿರಿಯರ ಗುಂಪು ಫೋಟೋಗಳು ಊಟಕ್ಕೆ ಮೊದಲೇ ಆಗಲಿ. ಎಲೆ ಹಾಕಿದ ಮೇಲೆ ಯಾರನ್ನೂ ವೇದಿಕೆಗೆ ಕರೆತರಲಾಗದು.

ಮಲ್ಲಿಗೆ ಮುಡಿದ ಜಡೆಯ ಫೋಟೋವನ್ನು ಮುಡಿಸಿದ ಕೂಡಲೇ, ಕಿಟಕಿಯ ಬದಿಗೆ ನಿಲ್ಲಿಸಿ, ಫ್ಲ್ಯಾಶ್ ಇಲ್ಲದೆ ತೆಗೆಸಿ. ನೇರ ಫ್ಲ್ಯಾಶ್ ಬಿದ್ದರೆ ಮೊಗ್ಗುಗಳು ಬಿಡಿಬಿಡಿಯಾಗಿ ಕಾಣದೆ ಬಿಳಿ ಮುದ್ದೆಯಾಗುತ್ತವೆ. ಮದುವೆ ಸೀಸನ್‌ನಲ್ಲಿ ಅಟ್ಟೆಗೆ (ಹೂವಿನ ಒಂದು ಕಟ್ಟಿಗೆ) ಸಾವಿರ ರೂಪಾಯಿ ದಾಟುವ ಶಂಕರಪುರ ಮಲ್ಲಿಗೆಗೆ ಅಷ್ಟಾದರೂ ಮರ್ಯಾದೆ ಬೇಡವೇ?

ಪ್ರಶ್ನೆ: ಮದುವೆಗೆ ಮುಂಚಿನ ಫೋಟೋಗಳನ್ನು ಜುಲೈಯಲ್ಲಿ ಸೇಂಟ್ ಮೇರೀಸ್ ದ್ವೀಪದಲ್ಲಿ, ಸೂರ್ಯಾಸ್ತದ ಹೊತ್ತಿಗೆ ತೆಗೆಸುವ ಆಸೆ. ಆಗಬಹುದೇ?
– ಯುವ ಓದುಗ, ಮಂಗಳೂರು

ಉತ್ತರ: ಆಗದು. ಮಳೆಗಾಲದಲ್ಲಿ ಮಲ್ಪೆಯಿಂದ ದ್ವೀಪಕ್ಕೆ ಪ್ರವಾಸಿ ದೋಣಿ ಹೋಗುವುದಿಲ್ಲ. ಬೇಸಗೆಯಲ್ಲೂ ಸೂರ್ಯ ಮುಳುಗುವವರೆಗೆ ನಿಮ್ಮನ್ನು ಅಲ್ಲಿ ಬಿಡುವವರಿಲ್ಲ. ಮಳೆ ನಿಂತ ಮೇಲೆ ಕಾಪುವಿನ ಕಡಲತೀರಕ್ಕೆ ಹೋಗಿ. 1901ರ ದೀಪಸ್ತಂಭವಿದೆ, ಬಂಡೆಯಿದೆ. ಆದರೆ ಸೂರ್ಯ ಮುಳುಗುವ ಹೊತ್ತಿಗೆ ಅಲ್ಲ, ಒಂದು ಗಂಟೆ ಮೊದಲೇ ತಲುಪಿ, ಕಡಲಿಗೆ ಮುಖಮಾಡಿ ನಿಲ್ಲಿ. ಎಲ್ಲರೂ ಕಡಲಿಗೆ ಬೆನ್ನು ಹಾಕಿ ನಿಂತು, ಮುಖ ಕಪ್ಪಾಯಿತೆಂದು ಆಮೇಲೆ ಜಗಳವಾಡುತ್ತಾರೆ. ಎಸಿ ಕಾರಿನಲ್ಲಿ ಬಂದ ಕ್ಯಾಮೆರಾದ ಲೆನ್ಸಿಗೆ ಕಡಲ ತೇವದ ಗಾಳಿ ತಾಕಿದರೆ ಮಂಜು ಕಟ್ಟುತ್ತದೆ. ಇಳಿಯುವ ಮೊದಲೇ ಎಸಿ ಆರಿಸಿ, ಕಿಟಕಿ ತೆರೆಯಿರಿ.